ಬಾರ್ಶಿಯ ಚಿಕ್ಕ ರೈಲು: ಉಳಿದ ಕಬ್ಬಿಣ, ಅಳಿದ ಕಾಗದ

ನಮ್ಮ ಸೀಮೆಯ ಕನ್ನಡ ಮನೆತನಗಳ ಹಿರಿಯರು ಒಂದೆಡೆ ಕುಳಿತು ಮಾತಿಗೆ ತೊಡಗಿದರೆ ಪಂಢರಪುರದ ಯಾತ್ರೆಯ ಸುದ್ದಿ ಬಾರದೆ ಇರುವುದಿಲ್ಲ. ಆ ಸುದ್ದಿ ಬಂದಿತೆಂದರೆ ಮಿರಜದ ನಿಲ್ದಾಣದಲ್ಲಿ ಗಂಟುಮೂಟೆ ಹೊತ್ತು ಬೆಳಗಾವಿಯ ಕಡೆಯ ಗಾಡಿಯಿಂದಿಳಿದು ಚಿಕ್ಕ ಗಾಡಿಯನ್ನು ಹತ್ತಿದ ಕಥೆಯೂ ಅದರ ಬೆನ್ನಿಗೇ ಬರುತ್ತದೆ. ಅದರ ಹಳಿಗಳ ನಡುವಣ ಅಂತರ ಕೇವಲ 2 ಅಡಿ 6 ಅಂಗುಲ. ಆ ಗಾಡಿ ಈಗಿಲ್ಲ. ಆ ಹಳಿಗಳೂ ಇಲ್ಲ. ಅವುಗಳ ಸ್ಥಾನದಲ್ಲಿ ದೊಡ್ಡ ಗೇಜಿನ ಮಾರ್ಗವಾಗಿದೆ, ಆದದ್ದು ಒಳ್ಳೆಯದೇ ಆಯಿತು. ಆದರೆ ಆ ಚಿಕ್ಕ ಮಾರ್ಗದ ಇತಿಹಾಸವನ್ನು ಬರೆಯಬೇಕೆಂದು ಕುಳಿತಾಗ ಕೈಗೆ ಸಿಕ್ಕಿದ್ದೇನು, ಸಿಗದೆ ಹೋದುದೇನು, ಸಿಗದಿರುವುದಕ್ಕೆ ಕಾರಣವೇನು ಎಂಬುದನ್ನು ಈ ಸಂಚಿಕೆಯ ವಾಚಕರ ಮುಂದಿಡುವುದು ನಮ್ಮ ಉದ್ದೇಶ. ಮಾತು ಕೊನೆಗೆ ಹಣದ ಬಳಿಗೇ ಬಂದು ನಿಲ್ಲುತ್ತದೆ. ಅದಕ್ಕಾಗಿ ನಾವು ಸಂಕೋಚಪಡಲಾರೆವು.

ಮುಂಬಯಿಯಿಂದ ಸೊಲ್ಲಾಪುರದ ಮೇಲೆ ರಾಯಚೂರಿಗೆ ಹೋಗುವ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಮಾರ್ಗವು ಹತ್ತಿಯ ಹಾಗೂ ಧಾನ್ಯದ ಪೇಟೆಯಾದ ಬಾರ್ಶಿಯನ್ನು ಮುಟ್ಟದೆ ದೂರದಿಂದಲೇ ಸಾಗಿಹೋಯಿತು. ಹತ್ತಿರದ ನಿಲ್ದಾಣಕ್ಕೆ ‘ಬಾರ್ಶಿ ರೋಡ್’ ಎಂದು ಹೆಸರಿಟ್ಟರು. ಅದೇ ಇಂದಿನ ಕುರ್ಡುವಾಡಿ. ರೈಲಿನವರು ಯಾವುದೊಂದು ಊರಿನ ಹೆಸರಿನ ಮುಂದೆ ‘ರೋಡ್’ ಎಂದು ಬರೆದರೆ ಆ ಊರು ಅಲ್ಲಿಲ್ಲವೆಂದೇ ತಿಳಿಯತಕ್ಕದ್ದು. ನಮ್ಮ ಜತ್ತದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ‘ಜತ್ ರೋಡ್’ ನಿಲ್ದಾಣದಲ್ಲಿ ಇಳಿದು ಜತ್ತದ ದಾರಿಯನ್ನು ಮತ್ತೆ ಸವೆಸಿದವರು ಅವರು. ಬಾರ್ಶಿಗೂ ಬಾರ್ಶಿ ರೋಡಿಗೂ ನಡುವೆ ಇದ್ದ ಇಪ್ಪತ್ತಕ್ಕೂ ಹೆಚ್ಚು ಮೈಲಿಗಳನ್ನು ಎತ್ತಿನ ಗಾಡಿಗಳು ತುಂಬಿದ್ದವು.

ಈ ಅಂತರವನ್ನು ಕಂಡು ಯೋಚನೆಗೆ ಬಿದ್ದವನು ಎವರಾರ್ಡ್ ಕ್ಯಾಲ್‌ತ್ರೋಪ್ ಎಂಬ ಇಂಗ್ಲಿಷ್ ಎಂಜಿನಿಯರು. 1857ರಲ್ಲಿ ಹುಟ್ಟಿ, 1882ರಲ್ಲಿ ಪೆನಿನ್ಸುಲಾ ರೈಲ್ವೆಯ ನೌಕರಿಗೆಂದು ನಮ್ಮ ದೇಶಕ್ಕೆ ಬಂದವನು. ತನ್ನ ಯೋಜನೆಗೆ ಆ ರೈಲ್ವೆಯಲ್ಲಿ ಪುರಸ್ಕಾರ ದೊರೆಯದಿರಲು ನೌಕರಿಯನ್ನು ಬಿಟ್ಟು, 1895ರಲ್ಲಿ ಲಂಡನ್ನಿನಲ್ಲಿ ಬಾರ್ಶಿ ಲೈಟ್ ರೈಲ್ವೆ ಕಂಪನಿಯನ್ನು ಸ್ಥಾಪಿಸಿದನು. (ಮುಂದೆ ಇದೇ ಮಹಾಶಯನು ವಿಮಾನದಿಂದ ಧುಮುಕುವವರ ಪ್ರಾಣ ಉಳಿಸುವ ಕೊಡೆಯನ್ನೂ ನಿರ್ಮಿಸಿದನೆಂಬುದನ್ನು ಓದಿ ನಮಗೆ ಆಶ್ಚರ್ಯವಾಯಿತು.)

ಅವನ ತತ್ವವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಳಿಸತಕ್ಕ ವಸ್ತುವಿನ ಬೆಲೆ ಅದರಲ್ಲಿದೆ. ಆವರೆಗಿನ ಚಿಕ್ಕ ರೈಲುಗಳಲ್ಲಿ ಎಂಜಿನ್ ಭಾರವಾಗಿಯೂ ಡಬ್ಬಿಗಳು ಹಗುರವಾಗಿಯೂ ಇರುತ್ತಿದ್ದವು. ಎಂಜಿನ್ ಒಂದರ ಭಾರಕ್ಕಾಗಿ ಇಡೀ ಮಾರ್ಗವನ್ನು ಗಟ್ಟಿಯಾಗಿ ಕಟ್ಟಬೇಕಾಗುತ್ತಿತ್ತು. ಆ ಗಟ್ಟಿತನದ ಪ್ರಯೋಜನ ಡಬ್ಬಿಗಳಿಗೆ ದೊರೆಯುತ್ತಿರಲಿಲ್ಲ. ಎಂಜಿನ್ನಿರಲಿ, ಡಬ್ಬಿಯಿರಲಿ, ಯಾವ ಅಚ್ಚಿನ ಮೇಲೂ 5 ಟನ್ನಿಗೆ ಮೀರಿ ಭಾರ ಬೀಳಬಾರದು, ಆದರೆ ಎಲ್ಲ ಅಚ್ಚುಗಳೂ ಆ 5 ಟನ್ನನ್ನು ಪೂರ್ಣವಾಗಿ ಹೊರುವಂತಿರಬೇಕು ಎಂದು ಕ್ಯಾಲ್‌ತ್ರೋಪ್ ಗೊತ್ತುಮಾಡಿದನು. ನಾಲ್ಕು ಅಚ್ಚಿನ ಒಂದು ಸರಕುಡಬ್ಬಿ ಹೀಗೆ ಒಟ್ಟು 20 ಟನ್ ತೂಗಬಹುದಾಯಿತು. ಅದಕ್ಕೆ ಗಜಕ್ಕೆ 30 ಪೌಂಡ್ ತೂಕದ ತೆಳು ಹಳಿಯೇ ಸಾಕಾಯಿತು. ಡಬ್ಬಿಯ ಚೌಕಟ್ಟನ್ನು ಒತ್ತಿ ಬಾಗಿಸಿದ ಉಕ್ಕಿನ ತಗಡಿನಿಂದ ಮಾಡಿ ಅದರ ಸ್ವಂತ ಭಾರವನ್ನು ಇಳಿಸಿದರು. ಎಂಜಿನ್ನಿನ ಭಾರವನ್ನು ಹಂಚಲೆಂದು ಅದಕ್ಕೆ ಎಂಟು ಎಳೆಗಾಲಿಗಳನ್ನೂ ಹಿಂದೆ ನಾಲ್ಕು ಆಧಾರಗಾಲಿಗಳನ್ನೂ ಇಟ್ಟರು. ಲೀಡ್ಸ್ ನಗರದ ಕಿಟ್ಸನ್ ಕಾರ್ಖಾನೆ ಅವುಗಳನ್ನು ತಯಾರಿಸಿತು. ಭಾರತಕ್ಕೆ ಸಾಗಿಸುವ ಮುನ್ನ ಲೀಡ್ಸ್ ಬಳಿಯ ನ್ಯೂಲೇ ಎಂಬಲ್ಲಿ ಪರೀಕ್ಷೆಯ ಹಳಿ ಹಾಸಿ ಗಾಡಿಗಳನ್ನು ಓಡಿಸಿ ತೋರಿಸಿದರು. 1897ರಲ್ಲಿ ಮಾರ್ಗ ತೆರೆಯಿತು.

ಸಾಮಾನ್ಯವಾಗಿ ವಿಲಾಯತಿಯಲ್ಲಿ ಮಾಡಿ ನೋಡಿದ್ದನ್ನು ಇಲ್ಲಿಗೆ ತರುತ್ತಿದ್ದ ಕಾಲ ಅದು. ಇಲ್ಲಿ ಗತಿ ತಿರುಗಿತು. ಬಾರ್ಶಿಯಲ್ಲಿ ಸಿದ್ಧಿಸಿದ ಅನುಭವವನ್ನು ಹೊತ್ತು ಕ್ಯಾಲ್‌ತ್ರೋಪ್ ಇಂಗ್ಲೆಂಡಿನ ಲೀಕ್ ಮತ್ತು ಮ್ಯಾನಿಫೋಲ್ಡ್ ಕಣಿವೆಯಲ್ಲಿ ಇದೇ ಅಳತೆಯ ರೈಲನ್ನು ಕಟ್ಟಿಸಿದನು. 1904ರಲ್ಲಿ ತೆರೆದ ಆ ಮಾರ್ಗದ ಎರಡು ಎಂಜಿನ್ನುಗಳಲ್ಲಿ ಒಂದಕ್ಕೆ ಅವನ ಹೆಸರನ್ನೇ ಇಟ್ಟಿದ್ದರು. 1934ರಲ್ಲಿ ಅದು ಮುಚ್ಚಿತು. ಎರಡು ಎಂಜಿನ್ನುಗಳೂ ಗುಜರಿಗೆ ಹೋದವು. ಹಳೆಯ ರೈಲನ್ನು ಉಳಿಸಲು ಹಣ ಕೂಡಿಸಬಹುದೆಂಬ ಕಲ್ಪನೆಯೇ ಆ ದೇಶದಲ್ಲಿ ಆಗಿನ್ನೂ ಬೇರೂರಿರಲಿಲ್ಲ.

ನಮ್ಮ ಮಾರ್ಗ ಮಾತ್ರ ಬೆಳೆಯಿತು. 1906ರಲ್ಲಿ ಪಂಢರಪುರಕ್ಕೂ, 1911ರಲ್ಲಿ ಲಾತೂರಿಗೂ, 1927ರಲ್ಲಿ ಮಿರಜಕ್ಕೂ ಮುಟ್ಟಿ ಸುಮಾರು 200 ಮೈಲಿಗಳಾಯಿತು. ವಿಜಾಪುರದ ಕಡೆಯವರು ಹೋಟಗಿ, ಸೊಲ್ಲಾಪುರಗಳ ಮೇಲೆ ಕುರ್ಡುವಾಡಿಗೆ ಬಂದು ವಿಠ್ಠಲನ ಬಳಿಗೆ ಹೊರಳುತ್ತಿದ್ದರು. 1927ರ ಅನಂತರ ಬೆಳಗಾವಿ, ಹುಬ್ಬಳ್ಳಿಗಳವರಿಗೆ ಮಿರಜದ ದಾರಿ ತೆರೆಯಿತು. ಕವಠೇ ಮಹಾಂಕಾಳ, ಢಾಲಗಾಂವ, ಜತ್ ರೋಡ್, ಸಾಂಗೋಲೆಗಳ ಹೆಸರುಗಳು ನಮ್ಮ ಅಜ್ಜಿಯರಿಗೆ ಜಪಮಾಲೆಯ ಮಣಿಗಳಂತೆ ಬಾಯಿಗೆ ಬರುತ್ತಿದ್ದುದು ಆಗಿನಿಂದ. 1954ರಲ್ಲಿ ಭಾರತ ಸರಕಾರವು ಕಂಪನಿಯಿಂದ ಮಾರ್ಗವನ್ನು ಕೊಂಡಿತು. ಈ ಶತಮಾನದ ಆರಂಭದ ವರ್ಷಗಳಲ್ಲಿ ಹಂತಹಂತವಾಗಿ ಅದು ದೊಡ್ಡ ಗೇಜಿಗೆ ಪರಿವರ್ತನೆಗೊಂಡಿತು.

ಹೀಗೆ ಚಿಕ್ಕ ಗೇಜು ಎದ್ದುಹೋದೆಡೆಗಳಲ್ಲೆಲ್ಲ ನಮ್ಮ ದೇಶದಲ್ಲಿ ಒಂದು ಪದ್ಧತಿ ಬೆಳೆದಿದೆ. ಒಂದು ಎಂಜಿನ್ನಿಗೆ ಬಣ್ಣ ಬಳಿದು, ನಿಲ್ದಾಣದ ಅಥವಾ ಕಚೇರಿಯ ಮುಂದೆ ಕಟ್ಟೆ ಕಟ್ಟಿ, ಅದರ ಮೇಲೆ ನಿಲ್ಲಿಸುತ್ತಾರೆ. ಹಾರ ಹಾಕುತ್ತಾರೆ, ಭಾಷಣವಾಗುತ್ತದೆ. ನಾವು ಇದನ್ನು ಹಳಿಯುವವರಲ್ಲ. ಕಟ್ಟೆಯ ಮೇಲಿನ ಎಂಜಿನ್ ಕುಲುಮೆಗೆ ಹೋದ ಎಂಜಿನ್ನಿಗಿಂತ ಮೇಲು. ಆದರೆ ಆ ದಿನದ ಹಣ ಆ ದಿನಕ್ಕೇ ಮುಗಿಯುತ್ತದೆ. ಮರುವರ್ಷದ ಮಳೆಯ ನೀರು ಬಾಯ್ಲರಿನ ಹೊದಿಕೆಯೊಳಕ್ಕೆ ಇಳಿದು ನಿಲ್ಲುತ್ತದೆ. ತುಕ್ಕು ಒಳಗಿನಿಂದ ತಿನ್ನತೊಡಗಿದರೆ ಹೊರಗಿನ ಬಣ್ಣ ಅದನ್ನು ಮುಚ್ಚುತ್ತದೆಯೇ ಹೊರತು ತಡೆಯುವುದಿಲ್ಲ. ಹಿತ್ತಾಳೆಯ ಫಲಕ, ಒತ್ತಡಮಾಪಕ, ಕೀಲೆಣ್ಣೆಯ ಬಟ್ಟಲು ಒಂದೊಂದಾಗಿ ಕಣ್ಮರೆಯಾಗುತ್ತವೆ. ಮೇಲೊಂದು ಚಾವಣಿ, ವರ್ಷಕ್ಕೊಮ್ಮೆ ಒಳಗನ್ನು ತೆರೆದು ನೋಡುವ ಒಬ್ಬ ಬಲ್ಲ ಕೆಲಸಗಾರ, ಒಬ್ಬ ಕಾವಲುಗಾರ, ಇಷ್ಟಿದ್ದರೆ ಎಂಜಿನ್ ನೂರು ವರ್ಷ ನಿಂತೀತು. ಆದರೆ ಈ ಮೂರಕ್ಕೂ ಬೇಕಾದುದು ಪ್ರತಿವರ್ಷ ತಪ್ಪದೆ ಬರುವ ಸಣ್ಣ ಹಣ. ಉದ್ಘಾಟನೆಯ ದೊಡ್ಡ ಹಣವಲ್ಲ.

ಕಾಗದದ ಗತಿ ಇದಕ್ಕೂ ಕಷ್ಟ. ಕಾಗದಕ್ಕೆ ಉದ್ಘಾಟನೆಯೇ ಇಲ್ಲ. ಕೆಲವು ವರ್ಷಗಳ ಹಿಂದೆ ನಾವು ಒಂದು ಹಳೆಯ ಕಚೇರಿಗೆ ಹೋಗಿ, ಚಿಕ್ಕ ಗಾಡಿಯ ಕಾಲದ ಸರಕಿನ ವಹಿಗಳು, ಹಾಜರಿಪಟ್ಟಿಗಳು ಏನಾದರೂ ಉಳಿದಿವೆಯೇ ಎಂದು ವಿಚಾರಿಸಿದೆವು. ಅಲ್ಲಿದ್ದ ಗೃಹಸ್ಥರು ಬಹು ಸಜ್ಜನರು. ಕುರ್ಚಿ ಕೊಟ್ಟರು, ಚಹಾ ತರಿಸಿದರು. ಕೋಣೆ ಬೇಕಾಗಿತ್ತೆಂದೂ, ಹಳೆಯ ಕಟ್ಟುಗಳನ್ನೆಲ್ಲ ಎಂದೋ ತೂಕಕ್ಕೆ ಹಾಕಿಬಿಟ್ಟರೆಂದೂ ಹೇಳಿದರು. ಚಹಾ ಕುಡಿದು ಬಂದೆವು. ಅದು ಅವರ ಅಪರಾಧವೆಂದು ನಾವು ಭಾವಿಸಲಿಲ್ಲ. ಕೋಣೆಯನ್ನು ಸುಣ್ಣ ಬಳಿಸಲು ಖರ್ಚಿನ ಬಾಬತ್ತು ಇದ್ದೀತು. ಕೋಣೆಯೊಳಗಿನ ವಹಿಯನ್ನು ಗೆದ್ದಲಿನಿಂದ ಕಾಯಲು ಯಾವ ಬಾಬತ್ತಿನಲ್ಲಿ ಹಣ ಬರೆಯಬೇಕು?

ಕಾಯಿದೆ ಇಲ್ಲವೆಂದಲ್ಲ. 1993ರ ಸಾರ್ವಜನಿಕ ದಾಖಲೆಗಳ ಅಧಿನಿಯಮವು ಕೇಂದ್ರ ಸರಕಾರದ ಕಚೇರಿಗಳಿಗೆ ಅನ್ವಯಿಸುತ್ತದೆ. ಅದರಂತೆ 1892ಕ್ಕೆ ಮೊದಲಿನ ಯಾವ ದಾಖಲೆಯನ್ನೂ, ಪೂರ್ಣ ಹಾಳಾಗಿದೆಯೆಂದು ದಾಖಲೆ ಇಲಾಖೆಯ ಮುಖ್ಯಸ್ಥರು ಅಭಿಪ್ರಾಯಪಟ್ಟ ಹೊರತು, ನಾಶಪಡಿಸಕೂಡದು. ನಮ್ಮ ಕಂಪನಿ ಹುಟ್ಟಿದ್ದು 1895ರಲ್ಲಿ. ಮೂರೇ ವರ್ಷಗಳಿಂದ ಆ ರಕ್ಷೆ ತಪ್ಪಿತು! ಅನಂತರದ ಕಾಗದಗಳನ್ನು ಪರಿಶೀಲಿಸಿ, ಕ್ರಮಬದ್ಧವಾಗಿ ವಿಂಗಡಿಸಿಯೇ ವಿಲೇವಾರಿ ಮಾಡಬೇಕೆಂದು ಕಾಯಿದೆ ಹೇಳುತ್ತದೆ. ವಿಂಗಡಿಸುವ ಕೈಗಳಿಗೆ ಸಂಬಳ ಕೊಡುವುದು ಬೇರೆ ಮಾತು. ಲಂಡನ್ನಿನಲ್ಲಿ ಆಡಳಿತ ಕಚೇರಿಯಿದ್ದ ಭಾರತದ ಅನೇಕ ರೈಲ್ವೆ ಕಂಪನಿಗಳ ಕಾಗದಪತ್ರಗಳು ಇಂಡಿಯಾ ಆಫೀಸಿನ ದಾಖಲೆಗಳೊಡನೆ ಬ್ರಿಟಿಷ್ ಲೈಬ್ರರಿಯಲ್ಲಿ ಸುರಕ್ಷಿತವಾಗಿವೆ. ಆದರೆ ಅಂಥ ಕಚೇರಿಗೆ ತಲುಪುತ್ತಿದ್ದುದು ಷೇರುದಾರರಿಗೆ ಬೇಕಾದ ಲೆಕ್ಕ. ಜತ್ ರೋಡಿನಲ್ಲಿ ಯಾವ ರೈತನ ಎಷ್ಟು ಚೀಲ ಜೋಳ ಏರಿತು, ಆಷಾಢ ಏಕಾದಶಿಗೆ ಎಷ್ಟು ಟಿಕೆಟ್ಟು ಹರಿಯಿತು, ಹಳಿ ಕಾಯುತ್ತಿದ್ದ ಗ್ಯಾಂಗಿನವರ ಹೆಸರೇನು, ಊರಾವುದು, ಅವರು ಕನ್ನಡದಲ್ಲಿ ರುಜು ಹಾಕಿದರೋ ಮೋಡಿಯಲ್ಲೋ, ಹೆಬ್ಬೆಟ್ಟನ್ನೇ ಒತ್ತಿದರೋ, ಇವೆಲ್ಲ ಇದ್ದುದು ನಿಲ್ದಾಣದ ವಹಿಗಳಲ್ಲಿ. ಗಡಿಯ ಈಚೆಗೆ ನಾವು ಎಂದಿನಿಂದ ಇದ್ದೇವೆ, ಏನು ಮಾಡಿಕೊಂಡಿದ್ದೆವು ಎಂದು ಕೇಳುವವರಿಗೆ ತೋರಿಸಬಹುದಾಗಿದ್ದ ಪುಟಗಳು ಅವು.

ಹಣ ಹೇಗೆ ಬರುತ್ತದೆ ಎಂಬುದಕ್ಕೆ ಒಂದು ದೃಷ್ಟಾಂತವನ್ನು ಹೊರದೇಶದಿಂದ ತೆಗೆದುಕೊಳ್ಳಬೇಕಾಗಿದೆ. ವೇಲ್ಸ್ ಸೀಮೆಯಲ್ಲಿ ಹಲಗೆಗಲ್ಲನ್ನು ಸಾಗಿಸಲು 1860ರ ದಶಕದಲ್ಲಿ ಕಟ್ಟಿದ ಟಾಲಿಥ್ಲಿನ್ ಎಂಬ ಚಿಕ್ಕ ರೈಲುಂಟು. 2 ಅಡಿ 3 ಅಂಗುಲದ ಗೇಜು, ಏಳೆಂಟು ಮೈಲಿಗಳ ಉದ್ದ. ಅದರ ಒಡೆಯನಾದ ಸರ್ ಹೆನ್ರಿ ಹೇಡನ್ ಜೋನ್ಸ್ 1950ರಲ್ಲಿ ತೀರಿಕೊಂಡಾಗ ಓಡುವ ಸ್ಥಿತಿಯಲ್ಲಿದ್ದ ಎಂಜಿನ್ ಒಂದೇ ಒಂದು. ಎಲ್. ಟಿ. ಸಿ. ರೋಲ್ಟ್ ಎಂಬ ಲೇಖಕನು ಅದೇ ವರ್ಷದ ಅಕ್ಟೋಬರಿನಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಸಭೆ ಕರೆದನು, ಸಂಘವೊಂದು ಸ್ಥಾಪಿತವಾಯಿತು, ಸದಸ್ಯರ ವಾರ್ಷಿಕ ಚಂದಾ, ಸ್ವಯಂಸೇವಕರ ದುಡಿಮೆ, ಪ್ರಯಾಣಿಕರ ಟಿಕೆಟ್ಟು, ಈ ಮೂರರ ಬಲದಿಂದ 1951ರ ಮೇ ತಿಂಗಳಲ್ಲಿ ಗಾಡಿ ಮತ್ತೆ ಹೊರಟಿತು. ಸ್ವಯಂಸೇವಕರು ಉಳಿಸಿ ಓಡಿಸಿದ ರೈಲುಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ನೆರೆಯ ಮುಚ್ಚಿದ ಮಾರ್ಗವೊಂದರ ಎರಡು ಎಂಜಿನ್ನುಗಳನ್ನು ತಲಾ 25 ಪೌಂಡಿಗೆ ಕೊಂಡರು. ಆ ದಶಕದಲ್ಲಿಯೇ ಚಿಕ್ಕ ಗೇಜಿನ ವಸ್ತುಸಂಗ್ರಹಾಲಯವನ್ನು ಆರಂಭಿಸಿ, ಅದನ್ನು ಮುಂದೆ ಬೇರೆಯೇ ಒಂದು ಧರ್ಮದರ್ಶಿ ಮಂಡಲಿಗೆ ಒಪ್ಪಿಸಿದರು. ಇದು ಗಮನಿಸತಕ್ಕ ಅಂಶ: ರೈಲು ಓಡಿಸುವುದರಲ್ಲಿ ನಷ್ಟವಾದರೂ ಸಂಗ್ರಹ ಹರಾಜಾಗಬಾರದು. ಅರ್ಧ ಶತಮಾನ ಹೀಗೆ ಲೆಕ್ಕ ಇಟ್ಟು ನಡೆದು ಬಂದ ಮೇಲೆ, ಆ ದೇಶದ ರಾಷ್ಟ್ರೀಯ ಲಾಟರಿಯ ನಿಧಿಯಿಂದ ದೊಡ್ಡ ನೆರವು ದೊರೆತು, 2005ರಲ್ಲಿ ಹೊಸ ಕಟ್ಟಡ ತೆರೆಯಿತು. ಸಣ್ಣ ಹಣ ಮೊದಲು, ದೊಡ್ಡ ಹಣ ಅನಂತರ. ಇನ್ನೊಂದು ಮಾತು: ಆ ರೈಲನ್ನು ಉಳಿಸಲು ಮುಂದಾದವರಲ್ಲಿ ಬಹುಮಂದಿ ಊರವರಲ್ಲ, ಬರ್ಮಿಂಗ್‌ಹ್ಯಾಮಿನವರು.

ನಮ್ಮಲ್ಲಿಯೂ ಕೆಲಸ ನಡೆಯದೆ ಇಲ್ಲ. ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯ 1979ರಿಂದ ಇದೆ. ಮಹಾರಾಣಿಯವರ ಗಾಡಿಯನ್ನು ಅಲ್ಲಿ ನೋಡದ ಕನ್ನಡ ಮಕ್ಕಳು ವಿರಳ. ನೀಲಗಿರಿಯ ಪರ್ವತ ರೈಲು 2005ರಲ್ಲಿ ಯುನೆಸ್ಕೊ ಸಂಸ್ಥೆಯ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಅದಕ್ಕಾಗಿ ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಹೊಸ ಉಗಿ ಎಂಜಿನ್ನುಗಳನ್ನೇ ತಯಾರಿಸಿದ್ದಾರೆ. ಆದರೆ ಅಲ್ಲಿ ಬೆಟ್ಟವಿದೆ, ಪ್ರವಾಸಿಗಳಿದ್ದಾರೆ, ಕೀರ್ತಿಯಿದೆ. ಕೀರ್ತಿ ಇದ್ದಲ್ಲಿಗೆ ಹಣ ಬರುತ್ತದೆ. ಜೋಳದ ಹೊಲಗಳ ನಡುವೆ ಓಡುತ್ತಿದ್ದ ನಮ್ಮ ಗಾಡಿಗೆ ಆ ಭಾಗ್ಯವಿರಲಿಲ್ಲ.

ಹಾಗೆಂದು ಬಾಗಿಲುಗಳೆಲ್ಲ ಮುಚ್ಚಿಲ್ಲ. ಕೇಂದ್ರ ಸರಕಾರವು 1996ರಲ್ಲಿ ರಾಷ್ಟ್ರೀಯ ಸಂಸ್ಕೃತಿ ನಿಧಿಯನ್ನು ಸ್ಥಾಪಿಸಿದೆ. ದಾನಿಯು ತಾನು ಕೊಟ್ಟ ಹಣ ಯಾವ ಕಾರ್ಯಕ್ಕೆ ಸಲ್ಲಬೇಕೆಂದು ಅಲ್ಲಿ ಸೂಚಿಸಬಹುದು. 2013ರ ಕಂಪನಿ ಕಾಯಿದೆಯು ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ವ್ಯಯಿಸಬೇಕಾದ ಸಮಾಜಕಾರ್ಯಗಳಲ್ಲಿ ರಾಷ್ಟ್ರೀಯ ಪರಂಪರೆಯ ರಕ್ಷಣೆಯನ್ನೂ ಸೇರಿಸಿದೆ. ಸೊಲ್ಲಾಪುರದಲ್ಲಿ ಗಿರಣಿಗಳಿವೆ, ಸುತ್ತ ಸಕ್ಕರೆ ಕಾರ್ಖಾನೆಗಳಿವೆ. ಕುರ್ಡುವಾಡಿಯ ರೈಲ್ವೆ ಕಾರ್ಖಾನೆಯಲ್ಲಿ ಮಾಥೇರಾನಿನ ಚಿಕ್ಕ ಗೇಜಿನ ಡಬ್ಬಿಗಳ ದುರಸ್ತಿ ನಡೆಯುತ್ತ ಬಂದಿರುವುದರಿಂದ ಆ ಕೈಕಸಬೂ ಪೂರ್ತಿ ಅಳಿದಿಲ್ಲ. ಆದರೆ ಯಾವ ನಿಧಿಯವರೇ ಆಗಲಿ ಮೊದಲು ಕೇಳುವ ಪ್ರಶ್ನೆ, “ನಿಮ್ಮಲ್ಲಿ ಏನೇನಿದೆ? ಪಟ್ಟಿ ಎಲ್ಲಿ?” ಎಂದು. ಆ ಪಟ್ಟಿಗೆ ಹೆಚ್ಚು ಹಣ ಬೇಕಿಲ್ಲ. ಆದಕಾರಣ ಕಾಗದದಿಂದಲೇ ತೊಡಗುವುದು ಲೇಸೆಂದು ನಮಗೆ ತೋರುತ್ತದೆ: ಸಂಘದ ಹೆಸರಿನಲ್ಲಿ ಪ್ರತ್ಯೇಕ ಠೇವಣಿಯೊಂದನ್ನಿಟ್ಟು, ಅಸಲನ್ನು ಮುಟ್ಟದೆ ಬಡ್ಡಿಯಿಂದ ಮಾತ್ರ ಪೆಟ್ಟಿಗೆ, ಕಪಾಟು, ಪಟ್ಟಿ ಬರೆಯುವವರ ಗೌರವಧನ, ಇಷ್ಟನ್ನು ನಡೆಯಿಸುವುದು. ಎಂಜಿನ್ನಿನ ಚಾವಣಿಗೆ ದಾನಿಗಳು ಅನಂತರ ಸಿಕ್ಕಾರು.

ರೈಲ್ವೆಯಲ್ಲಿ ದುಡಿದ ಹಿರಿಯರ ಪಾಸು, ನೇಮಕದ ಕಾಗದ, ಬಳಕೆಯಾಗದೆ ಉಳಿದ ರಟ್ಟಿನ ಟಿಕೆಟ್ಟು, ಸರಕಿನ ರಸೀದಿ, ಯಾತ್ರೆಯ ಛಾಯಾಚಿತ್ರ, ಯಾವುದಾದರೂ ತಮ್ಮ ಮನೆಯಲ್ಲಿದ್ದರೆ ವಾಚಕರು ಅದನ್ನು ಕೊಟ್ಟೇಬಿಡಬೇಕೆಂದು ನಾವು ಕೇಳುವುದಿಲ್ಲ. ಒಂದು ದಿನದ ಮಟ್ಟಿಗೆ ತಂದರೆ ಪ್ರತಿ ತೆಗೆದು, ಯಾರದು, ಎಲ್ಲಿಯದು ಎಂದು ಬರೆದುಕೊಂಡು ಅಲ್ಲಿಯೇ ಹಿಂದಿರುಗಿಸಬಹುದು. ಹರಿದಿದ್ದರೆ ಅಂಟುಪಟ್ಟಿ ಹಚ್ಚಬೇಡಿರಿ, ಪ್ಲಾಸ್ಟಿಕ್ ಹಾಳೆಯೊಳಗೆ ಕಾಯಿಸಿ ಬಿಗಿಸಬೇಡಿರಿ. ಇದ್ದಂತೆಯೇ ಒಂದು ಬಿಳಿಯ ಅರಿವೆಯಲ್ಲಿ ಸುತ್ತಿ ತನ್ನಿರಿ.