ಅರಿಶಿನದ ಪೇಟೆಂಟ್ ಮತ್ತು ಔಷಧಜ್ಞಾನದ ಗಣಕೀಕರಣ

ಗಾಯಕ್ಕೆ ಅರಿಶಿನ ಹಚ್ಚುವುದು ಭಾರತದ ಮನೆಮದ್ದುಗಳಲ್ಲಿ ಅತಿ ಪರಿಚಿತವಾದುದು. ಆದರೂ ಇದೇ ಗುಣಕ್ಕಾಗಿ 1995ರಲ್ಲಿ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು. ಅನ್ಯದೇಶದ ರೂಢಿಯೊಂದೇ ಅಂದಿನ ಅಮೆರಿಕದ ಕಾನೂನಿಗೆ ಪ್ರಮಾಣವಾಗುತ್ತಿರಲಿಲ್ಲ. ಮುದ್ರಿತ ಆಧಾರ ಬೇಕಾಗಿತ್ತು. ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಸಂಸ್ಕೃತ, ಉರ್ದು, ಹಿಂದಿ ಆಧಾರಗಳನ್ನು ಒದಗಿಸಿದ ಮೇಲೆ 1997ರಲ್ಲಿ ಅದು ರದ್ದಾಯಿತು.

ಈ ಅನುಭವದ ಹಿನ್ನೆಲೆಯಲ್ಲಿ 2001ರಲ್ಲಿ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯದ ಕಾರ್ಯ ಆರಂಭವಾಯಿತು. ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳಲ್ಲಿನ ಔಷಧಯೋಗಗಳನ್ನು ಸಸ್ಯ, ರೋಗ, ತಯಾರಿಕಾ ವಿಧಾನಗಳಿಗೆ ಅನುಗುಣವಾಗಿ ಸಂಕೇತಗಳಿಂದ ವರ್ಗೀಕರಿಸಲಾಯಿತು. ಈ ಸಂಕೇತಗಳ ನೆರವಿನಿಂದ ಗಣಕಯಂತ್ರವು ಒಂದೇ ದತ್ತಾಂಶವನ್ನು ಇಂಗ್ಲಿಷ್, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲಿ ಒದಗಿಸುತ್ತದೆ. 2009ರಲ್ಲಿ ಯುರೋಪಿನ ಪೇಟೆಂಟ್ ಕಚೇರಿಗೆ ಇದರ ಬಳಕೆಗೆ ಅವಕಾಶ ನೀಡಲಾಯಿತು. ಇದರಿಂದ, ಕೊಟ್ಟ ಪೇಟೆಂಟನ್ನು ಪ್ರಶ್ನಿಸುವುದಕ್ಕೆ ಬದಲಾಗಿ ಅರ್ಜಿಯ ಪರಿಶೀಲನೆಯಲ್ಲಿಯೇ ತಡೆಯುವುದು ಸಾಧ್ಯವಾಯಿತು.

ಆದರೆ ಗಣಕವು ಹುಡುಕಬಲ್ಲುದು ಬರೆದಿಟ್ಟುದನ್ನು ಮಾತ್ರ. ನಾಟಿ ವೈದ್ಯರಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ಅರಿವು ದಾಖಲಾಗದಿರುವವರೆಗೆ ಈ ರಕ್ಷಣೆಯ ಹೊರಗೇ ಉಳಿಯುತ್ತದೆ ಎಂಬುದು ಗಮನಾರ್ಹ.