ಶಿಲಾಪತ್ರದಿಂದ ಏಳನೆಯ ನಮೂನೆಗೆ

ನೆತ್ತಿಯಲ್ಲಿ ಸೂರ್ಯಚಂದ್ರರನ್ನೂ ಕರುವಿಗೆ ಹಾಲೂಡುವ ಹಸುವನ್ನೂ ಕಡೆದು, ಗದ್ದೆಯ ಅಳತೆಯನ್ನೂ ಎಲ್ಲೆಯನ್ನೂ ವಿವರಿಸಿ, ಕಡೆಯಲ್ಲಿ ಭೂಮಿಯನ್ನಪಹರಿಸುವವನಿಗೆ ಘೋರಶಾಪವನ್ನಿಟ್ಟ ದಾನಶಾಸನಗಳ ಲಿಪಿಕಾರನನ್ನು ಶಿಕಾರಿಪುರ, ಸೊರಬಗಳ ವಕೀಲರ ಪೂರ್ವಜನೆಂದೇ ನಾನು ಭಾವಿಸುತ್ತೇನೆ. ಆ ಸೀಮೆಯ ಬಳ್ಳಿಗಾವೆ, ಕುಪ್ಪಟೂರುಗಳಲ್ಲಿ ದೇವಾಲಯಕ್ಕೆ ಶಿಲೆಯ ಪತ್ರವಿತ್ತು. ಶತಮಾನಗಳ ತರುವಾಯವೂ ಉಳುವ ಗೇಣಿದಾರನ ಕೈಯಲ್ಲಿ ಕಾಗದದ ರಸೀದಿಯೂ ಅಪರೂಪವಾಗಿತ್ತು. ನೆರೆಯ ಸಾಗರ ಸೀಮೆಯ ಕಾಗೋಡಿನಲ್ಲಿ, ಗೇಣಿಭತ್ತವನ್ನಳೆಯುವ ಕೊಳಗದ ಅನ್ಯಾಯದಿಂದ 1951ರಲ್ಲಿ ಸತ್ಯಾಗ್ರಹವೆದ್ದಿತು. ಮುಂದೆ ಭೂಸುಧಾರಣೆಯ ಕಾನೂನಿನಂತೆ 1974ರ ಮಾರ್ಚ್ 1ರಂದು ಗೇಣಿಭೂಮಿಯು ಸರ್ಕಾರಕ್ಕೆ ಸೇರಿ, ರೈತರು ಉಳುವ ನೆಲದ ಒಡೆತನ ಕೋರಿ ಏಳನೆಯ ನಮೂನೆಯ ಅರ್ಜಿ ಹಿಡಿದು ಭೂನ್ಯಾಯಮಂಡಳಿಯ ಮುಂದೆ ನಿಂತಾಗ, ಅಲ್ಲಿ ವಕೀಲರಿಗೆ ಪ್ರವೇಶವೇ ನಿಷಿದ್ಧವಾಗಿತ್ತು. ಸಾಹುಕಾರನ ವಕೀಲನೆದುರು ಬಡವನು ತಬ್ಬಿಬ್ಬಾಗದಿರಲೆಂಬ ಆ ಕಾಳಜಿಯನ್ನು ನಾನು ಗೌರವಿಸುತ್ತೇನೆ. ಆದರೂ ಪಹಣಿಯನ್ನೋದಲರಿಯದವನಿಗೆ ಬಲ್ಲವರ ನೆರವು ಬೇಕಿತ್ತು. ಆ ನಿಷೇಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ಅಸಿಂಧುಗೊಳಿಸಿತು.