ಔಫೆರ್‌ಶ್ಟೇಯುಂಗ್ ಡೆರ್ ಟೋಟೆನ್ (ಕಾದಂಬರಿ)

ಔಫೆರ್‌ಶ್ಟೇಯುಂಗ್ ಡೆರ್ ಟೋಟೆನ್ (ಅರ್ಥ: 'ಸತ್ತವರ ಪುನರುತ್ಥಾನ') ಆಸ್ಟ್ರಿಯಾದ ಲೇಖಕ ವೋಲ್ಫ್ ಹಾಸ್ ಅವರು ಜರ್ಮನ್ ಭಾಷೆಯಲ್ಲಿ ಬರೆದ ಹಾಸ್ಯಪ್ರಧಾನ ಪತ್ತೇದಾರಿ ಕಾದಂಬರಿ. 1996ರಲ್ಲಿ ರೋವೋಲ್ಟ್ ಪ್ರಕಾಶನ ಸಂಸ್ಥೆಯಿಂದ ಪ್ರಕಟವಾಯಿತು. ಆಲ್ಪ್ಸ್ ಪರ್ವತಶ್ರೇಣಿಯ ಪುಟ್ಟ ಪ್ರವಾಸಿ ಪಟ್ಟಣವೊಂದರಲ್ಲಿ ನಡೆದ ಜೋಡಿ ಸಾವಿನ ರಹಸ್ಯ ಇದರ ವಸ್ತು. ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರನಾದ ಸಿಮೋನ್ ಬ್ರೆನ್ನರ್ ಇದರ ನಾಯಕ. ಬ್ರೆನ್ನರ್ ಸರಣಿಯ ಮೊದಲ ಕೃತಿಯಾದ ಇದಕ್ಕೆ 1997ರಲ್ಲಿ ಜರ್ಮನ್ ಅಪರಾಧ ಸಾಹಿತ್ಯ ಪ್ರಶಸ್ತಿ (ಡಾಯ್ಚರ್ ಕ್ರಿಮಿ ಪ್ರೈಸ್) ದೊರೆಯಿತು.

## ಹಿನ್ನೆಲೆ

ವೋಲ್ಫ್ ಹಾಸ್ 1960ರಲ್ಲಿ ಸಾಲ್ಜ್‌ಬರ್ಗ್ ಪ್ರಾಂತ್ಯದ ಮರಿಯಾ ಆಲ್ಮ್ ಎಂಬ ಹಳ್ಳಿಯಲ್ಲಿ ಜನಿಸಿದರು. ಭಾಷಾಶಾಸ್ತ್ರವನ್ನು ಅಧ್ಯಯನ ಮಾಡಿ, ಮೂರ್ತಕಾವ್ಯದ ಭಾಷಾಸೈದ್ಧಾಂತಿಕ ನೆಲೆಗಳನ್ನು ಕುರಿತು ಡಾಕ್ಟರೇಟ್ ಪ್ರಬಂಧ ಬರೆದರು. ಕೆಲಕಾಲ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಅಧ್ಯಾಪಕರಾಗಿದ್ದು, ಬಳಿಕ ಜಾಹೀರಾತು ಬರಹಗಾರರಾಗಿ ದುಡಿದರು. ಆಡುಮಾತಿನ ಲಯವನ್ನು ಸೂಕ್ಷ್ಮವಾಗಿ ಗ್ರಹಿಸುವ ಗುಣ ಮತ್ತು ಕಡಿಮೆ ಮಾತಿನಲ್ಲಿ ಹೇಳುವ ಅಭ್ಯಾಸ ಅವರ ಕಾದಂಬರಿಗಳಲ್ಲಿ ಎದ್ದು ಕಾಣುತ್ತವೆ.

ಕಥೆ ನಡೆಯುವ ತ್ಸೆಲ್ (ಪೂರ್ಣ ಹೆಸರು ತ್ಸೆಲ್ ಆಮ್ ಝೇ) ನಿಜವಾದ ಊರು. ಸರೋವರದ ದಂಡೆಯಲ್ಲಿರುವ ಈ ಪಟ್ಟಣವು ಹಾಸ್ ಅವರ ಹುಟ್ಟೂರು ಸೇರಿರುವ ಪಿನ್ಸ್‌ಗೌ ಪ್ರದೇಶದ ಆಡಳಿತ ಕೇಂದ್ರವಾಗಿದೆ. ಅದರ ಹಿಂದಿನ ಶ್ಮಿಟ್ಟನ್‌ಹೋಹೆ ಬೆಟ್ಟ 1,965 ಮೀಟರ್ ಎತ್ತರವಿದ್ದು, ಅಲ್ಲಿಗೆ 1927ರಲ್ಲೇ ಹಗ್ಗದ ರೈಲು (ಕೇಬಲ್ ಕಾರ್) ಆರಂಭವಾಗಿತ್ತು. ಚಳಿಗಾಲದ ಸ್ಕೀಯಿಂಗ್ ಮತ್ತು ಬೇಸಿಗೆಯ ಸರೋವರ ವಿಹಾರ ಈ ಊರಿನ ಜೀವನೋಪಾಯದ ಮುಖ್ಯ ಆಧಾರಗಳು.

## ಕಥಾವಸ್ತು

ಡಿಸೆಂಬರ್ ತಿಂಗಳ ಒಂದು ಬೆಳಿಗ್ಗೆ ತ್ಸೆಲ್‌ನ ಚೇರ್‌ಲಿಫ್ಟ್‌ನಲ್ಲಿ ಅಮೆರಿಕದ ವೃದ್ಧ ದಂಪತಿಗಳು ಹೆಪ್ಪುಗಟ್ಟಿ ಸತ್ತಿರುವುದು ಪತ್ತೆಯಾಗುತ್ತದೆ. ಸತ್ತವರು ಊರಿನ ಸಿರಿವಂತನೊಬ್ಬನ ಅತ್ತೆ ಮಾವ. ಪೊಲೀಸ್ ತನಿಖೆಯಿಂದ ಫಲ ಸಿಗುವುದಿಲ್ಲ. ಆ ತನಿಖಾ ತಂಡದಲ್ಲಿದ್ದ ಬ್ರೆನ್ನರ್‌ಗೆ ಮೇಲಧಿಕಾರಿಯೊಂದಿಗೆ ಹೊಂದಾಣಿಕೆಯಾಗದೆ ಅವನು ಕೆಲಸಕ್ಕೆ ರಾಜೀನಾಮೆ ಕೊಡುತ್ತಾನೆ. ಅನಂತರ ವಿಮಾ ಕಂಪನಿಯ ಪರವಾಗಿ ವಿಚಾರಣೆ ನಡೆಸುವ ಖಾಸಗಿ ಪತ್ತೇದಾರಿ ಸಂಸ್ಥೆಯೊಂದು ಅವನನ್ನು ನೇಮಿಸಿಕೊಂಡು, ಅದೇ ಪ್ರಕರಣಕ್ಕಾಗಿ ಅದೇ ಊರಿಗೆ ಕಳುಹಿಸುತ್ತದೆ.

ತಿಂಗಳುಗಳು ಉರುಳುತ್ತವೆ, ಹಿಮ ಕರಗಿ ಬೇಸಿಗೆ ಬರುತ್ತದೆ. ಬ್ರೆನ್ನರ್ ಊರಿನಲ್ಲಿ ಅಡ್ಡಾಡುತ್ತ, ಜನರ ಮಾತಿಗೆ ಕಿವಿಗೊಡುತ್ತ, ತನ್ನನ್ನು ಕಳುಹಿಸಿದವರಿಗೆ ವರದಿ ಬರೆಯುತ್ತ ಕಾಲ ಕಳೆಯುತ್ತಾನೆ. ಸಂಬಂಧವೇ ಇಲ್ಲದಂತೆ ತೋರುವ ಸಣ್ಣಪುಟ್ಟ ಸಂಗತಿಗಳ ನಡುವೆ ಸುಳಿವು ಅಡಗಿರುತ್ತದೆ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, ಎಲ್ಲರೂ ಬಲ್ಲ ಸಂಗತಿಯನ್ನೇ ಯಾರೂ ಹೊರಗಿನವನಿಗೆ ಹೇಳದಿರುವುದು ಕಥೆಯ ಬಿಗಿಗೆ ಕಾರಣವಾಗುತ್ತದೆ.

## ಬ್ರೆನ್ನರ್ ಪಾತ್ರ

ಗ್ರಾಜ್ ನಗರದ ಪುಂಟಿಗಾಮ್ ಬಡಾವಣೆಯಿಂದ ಬಂದ ಬ್ರೆನ್ನರ್ ಪತ್ತೇದಾರಿ ಸಾಹಿತ್ಯದ ಚತುರ ನಾಯಕರಿಗೆ ತದ್ವಿರುದ್ಧನಾದ ವ್ಯಕ್ತಿ. ನಡುವಯಸ್ಸಿನವನು, ಒಂಟಿ, ಮಿತಭಾಷಿ. ತೀವ್ರ ಅರೆತಲೆನೋವಿನಿಂದ ಬಳಲುವ ಅವನಿಗೆ ಮಾತ್ರೆಗಳೇ ಆಸರೆ. ಷರ್ಲಾಕ್ ಹೋಮ್ಸ್‌ನಂತೆ ಅವನು ತರ್ಕದ ಸರಪಳಿ ಹೆಣೆಯುವುದಿಲ್ಲ. ಮುಖ್ಯವಾದುದನ್ನು ಬಿಟ್ಟು ಅಮುಖ್ಯವಾದುದರ ಬಗ್ಗೆ ಯೋಚಿಸುವುದು ಅವನ ಸ್ವಭಾವ. ಮೇಲಧಿಕಾರಿಗಳು ದೋಷವೆಂದು ಕಂಡ ಈ ಗುಣವೇ ಕೊನೆಗೆ ಅವನ ನೆರವಿಗೆ ಬರುತ್ತದೆ. ಅವನಿಗೆ ಅರಿವಿಲ್ಲದೆಯೇ ಯಾವುದೋ ಹಳೆಯ ಹಾಡಿನ ರಾಗ ನಾಲಿಗೆಯ ಮೇಲೆ ಬರುವುದು, ಮರೆತ ಸಾಲುಗಳು ನೆನಪಾದಾಗ ಅವು ಪ್ರಕರಣದತ್ತಲೇ ಬೆರಳು ತೋರುವುದು ಸರಣಿಯ ಪರಿಚಿತ ತಂತ್ರ.

## ನಿರೂಪಣೆ ಮತ್ತು ಹಾಸ್ಯ

ಕಾದಂಬರಿಯ ಖ್ಯಾತಿಗೆ ಮುಖ್ಯ ಕಾರಣ ಅದರ ನಿರೂಪಕ. ಹೆಸರಿಲ್ಲದ ಈ ನಿರೂಪಕ ಪಾನಗೃಹದ ಮೇಜಿನ ಎದುರು ಕುಳಿತು ಹರಟುವವನಂತೆ ಮಾತನಾಡುತ್ತಾನೆ. ಓದುಗನನ್ನು ಜರ್ಮನ್ ಭಾಷೆಯ ಸಲುಗೆಯ ಸರ್ವನಾಮದಿಂದ, ಎಂದರೆ ಕನ್ನಡದ 'ನೀನು' ಎಂಬುದಕ್ಕೆ ಸಮನಾದ ಪದದಿಂದ ಸಂಬೋಧಿಸುತ್ತಾನೆ. ಅವನ ವಾಕ್ಯಗಳಲ್ಲಿ ಹಲವೆಡೆ ಕ್ರಿಯಾಪದವೇ ಇರುವುದಿಲ್ಲ. ವಿಷಯಾಂತರ ಮಾಡುತ್ತಾನೆ, ಊರಿನವರ ಬಗ್ಗೆ ತೀರ್ಪು ಕೊಡುತ್ತಾನೆ, ಎಲ್ಲ ತಿಳಿದವನಂತೆ ನಟಿಸುತ್ತ ಬೇಕಾದ ವಿಷಯವನ್ನೇ ತಡವಾಗಿ ಹೇಳುತ್ತಾನೆ.

ಇಲ್ಲಿನ ಹಾಸ್ಯ ಘಟನೆಗಳಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಹೇಳುವ ಧಾಟಿಯಿಂದ ಹುಟ್ಟುತ್ತದೆ. ಭೀಕರವಾದ ಸಾವನ್ನೂ ಹವಾಮಾನದ ವಿಷಯದಷ್ಟೇ ಸಲೀಸಾಗಿ ಹೇಳಿದಾಗ ಓದುಗ ಮೊದಲು ನಗುತ್ತಾನೆ. ತಾನು ನಕ್ಕಿದ್ದು ಯಾವುದಕ್ಕೆ ಎಂಬುದು ಆಮೇಲೆ ಹೊಳೆಯುತ್ತದೆ. ಪ್ರವಾಸಿಗರ ಮುಂದೆ ಅಂದದ ಮುಖ ತೋರಬೇಕಾದ ಊರು ತನ್ನ ನೋವನ್ನೂ ತಪ್ಪನ್ನೂ ಮಾತಿನ ಮರೆಯಲ್ಲಿ ಅಡಗಿಸುವ ಬಗೆಯನ್ನು ಈ ಹರಟೆಯ ಧಾಟಿಯೇ ಬಯಲು ಮಾಡುತ್ತದೆ.

## ಸರಣಿಯ ಕೃತಿಗಳು

| ವರ್ಷ | ಕೃತಿ | ಹಿನ್ನೆಲೆ |
|---|---|---|
| 1996 | ಔಫೆರ್‌ಶ್ಟೇಯುಂಗ್ ಡೆರ್ ಟೋಟೆನ್ | ತ್ಸೆಲ್ |
| 1997 | ಡೆರ್ ಕ್ನೋಕೆನ್‌ಮನ್ | ಸ್ಟೈರಿಯಾದ ಕೋಳಿಖಾದ್ಯದ ಹೋಟೆಲು |
| 1998 | ಕೊಮ್, ಝ್ಯೂಸರ್ ಟೋಡ್ | ವಿಯೆನ್ನಾದ ಆಂಬುಲೆನ್ಸ್ ಸೇವೆ |
| 1999 | ಸಿಲೆಂಟಿಯುಮ್! | ಸಾಲ್ಜ್‌ಬರ್ಗ್‌ನ ಕ್ಯಾಥೊಲಿಕ್ ವಸತಿಶಾಲೆ |
| 2001 | ವೀ ಡೀ ಟೀರೆ | ವಿಯೆನ್ನಾದ ಉದ್ಯಾನ |
| 2003 | ಡಾಸ್ ಏವಿಗೆ ಲೇಬೆನ್ | ಗ್ರಾಜ್ |
| 2009 | ಡೆರ್ ಬ್ರೆನ್ನರ್ ಉಂಟ್ ಡೆರ್ ಲೀಬೆ ಗೋಟ್ | ವಿಯೆನ್ನಾ–ಮ್ಯೂನಿಕ್ ಹೆದ್ದಾರಿ |
| 2014 | ಬ್ರೆನ್ನರೋವಾ | ವಿಯೆನ್ನಾ, ರಷ್ಯಾ |
| 2022 | ಮ್ಯೂಲ್ | ವಿಯೆನ್ನಾದ ಕಸ ಸಂಗ್ರಹಣಾ ಕೇಂದ್ರ |

ಮೊದಲ ಮತ್ತು ಆರನೆಯ ಕೃತಿಗಳ ಶೀರ್ಷಿಕೆಗಳು ('ಸತ್ತವರ ಪುನರುತ್ಥಾನ', 'ನಿತ್ಯಜೀವ') ಕ್ರೈಸ್ತರ ವಿಶ್ವಾಸಪ್ರಮಾಣದ ಕೊನೆಯಲ್ಲಿ ಒಂದರ ಬೆನ್ನಿಗೆ ಒಂದು ಬರುವ ಮಾತುಗಳು. ಆರನೆಯ ಕಾದಂಬರಿಯಲ್ಲಿ ನಿರೂಪಕನೇ ಪಾತ್ರವಾಗಿ ಕಾಣಿಸಿಕೊಂಡು ಸಾಯುತ್ತಾನೆ. ಅಲ್ಲಿಗೆ ಸರಣಿ ಮುಗಿದಂತಿದ್ದರೂ 2009ರಲ್ಲಿ ಹಾಸ್ ಅದನ್ನು ಪುನಃ ಆರಂಭಿಸಿದರು.

## ಅನುವಾದ ಮತ್ತು ಚಲನಚಿತ್ರ

ಈ ಕಾದಂಬರಿಯನ್ನು ಆನಿ ಜಾನುಶ್ ಇಂಗ್ಲಿಷಿಗೆ ಅನುವಾದಿಸಿದ್ದು, ಅದು 'ರೆಸರೆಕ್ಷನ್' ಎಂಬ ಹೆಸರಿನಲ್ಲಿ 2014ರಲ್ಲಿ ಪ್ರಕಟವಾಯಿತು. ಮಾತಿನ ಧಾಟಿಯೇ ಕೃತಿಯ ಜೀವಾಳವಾಗಿರುವುದರಿಂದ ಇದರ ಅನುವಾದ ಕಷ್ಟಸಾಧ್ಯವಾದುದು. ಸಲುಗೆಗೂ ಗೌರವಕ್ಕೂ ಬೇರೆ ಬೇರೆ ಸರ್ವನಾಮಗಳಿಲ್ಲದ ಇಂಗ್ಲಿಷಿನಲ್ಲಿ ಈ ತೊಡಕು ಇನ್ನೂ ಹೆಚ್ಚು.

ಸರಣಿಯ ನಾಲ್ಕು ಕೃತಿಗಳನ್ನು ವೋಲ್ಫ್‌ಗಾಂಗ್ ಮುರ್ನ್‌ಬೆರ್ಗರ್ ಚಲನಚಿತ್ರವಾಗಿ ನಿರ್ದೇಶಿಸಿದ್ದಾರೆ: 'ಕೊಮ್, ಝ್ಯೂಸರ್ ಟೋಡ್' (2000), 'ಸಿಲೆಂಟಿಯುಮ್' (2004), 'ಡೆರ್ ಕ್ನೋಕೆನ್‌ಮನ್' (2009) ಮತ್ತು 'ಡಾಸ್ ಏವಿಗೆ ಲೇಬೆನ್' (2015). ನಾಲ್ಕರಲ್ಲೂ ಬ್ರೆನ್ನರ್ ಪಾತ್ರವನ್ನು ಹಾಸ್ಯ ಕಲಾವಿದ ಯೋಸೆಫ್ ಹಾಡರ್ ನಿರ್ವಹಿಸಿದ್ದಾರೆ. ತ್ಸೆಲ್‌ನ ಕಥೆ ಈ ಚಿತ್ರಮಾಲೆಯಲ್ಲಿ ಸೇರಿಲ್ಲ.